ಉಯಿಲಿನ ಎರಡು ಸಾಲು

1585ರ ಫೆಬ್ರವರಿಯಲ್ಲಿ ಸ್ಟ್ರಾಟ್‌ಫರ್ಡಿನ ಚರ್ಚಿನಲ್ಲಿ ಷೇಕ್ಸ್‌ಪಿಯರನ ಅವಳಿ ಮಕ್ಕಳಿಗೆ ದೀಕ್ಷಾಸ್ನಾನವಾಯಿತು. 1592ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪುಸ್ತಿಕೆಯೊಂದು ಅವನನ್ನು ಹಂಗಿಸಿತು. ನಡುವಿನ ಅವಧಿಯ ದಾಖಲೆ ತೀರಾ ಕಡಿಮೆ, ಅದಕ್ಕೂ ಹಿಂದಿನ ಹುಡುಗತನದ್ದೂ ಅಷ್ಟೇ. ಈ ಖಾಲಿ ಜಾಗಗಳಲ್ಲಿ ಎರಡು ಬೇರೆ ಬೇರೆ ವಾದಗಳು ಬೆಳೆದಿವೆ. ಎರಡರ ದೋಷವೂ ಒಂದೇ: ದಾಖಲೆಯಿಲ್ಲದ ಕಡೆ ಊಹೆಯನ್ನು ತುಂಬುವುದು. ಮೊದಲನೆಯದು, ಅವನು ಹುಡುಗನಾಗಿದ್ದಾಗ ಲ್ಯಾಂಕಷೈರಿನ ಕ್ಯಾಥೊಲಿಕ್ ಮನೆಯಲ್ಲಿದ್ದನೆಂಬುದು. 1581ರಲ್ಲಿ ಆ ಮನೆಯ ಅಲೆಕ್ಸಾಂಡರ್ ಹಾಟನ್ ಬರೆಸಿದ ಉಯಿಲಿನಲ್ಲಿ ವಾದ್ಯ, ನಾಟಕದ ಉಡುಪುಗಳ ಮಾತಿನ ಬೆನ್ನಿಗೇ ವಿಲಿಯಂ ಷೇಕ್‌ಷಾಫ್ಟ್ ಎಂಬವನ ಹೆಸರು ಬರುತ್ತದೆ; ಅವನೇ ಷೇಕ್ಸ್‌ಪಿಯರ್ ಎನ್ನುತ್ತಾರೆ. ಸ್ಟ್ರಾಟ್‌ಫರ್ಡಿನ ಮೇಷ್ಟ್ರು ಜಾನ್ ಕಾಟಮ್ ಆ ಸೀಮೆಯವನೇ ಎನ್ನುವುದು ನಿಜ. ಆದರೆ ಅಲ್ಲಿ ಷೇಕ್‌ಷಾಫ್ಟರು ಬೇಕಾದಷ್ಟಿದ್ದರು. ನಮ್ಮ ವಿಲಿಯಂ ಮರುವರ್ಷದ ನವೆಂಬರಿನಲ್ಲಿ ತನ್ನೂರ ಕಡೆಯ ಹುಡುಗಿಯನ್ನು ಮದುವೆಯಾಗಲು ಪರವಾನಗಿ ಪಡೆದ, ಆರು ತಿಂಗಳಿಗೆ ಮಗಳು ಹುಟ್ಟಿದಳು. ಅವನು ಲ್ಯಾಂಕಷೈರಿಗೆ ಹೋಗಿರಬಹುದು. ಹೋಗಿದ್ದನೆನ್ನಲು ಇಷ್ಟು ಸಾಲದು.

ಎರಡನೆಯ ವಾದ ಇನ್ನೂ ಮುಂದೆ ಹೋಗುತ್ತದೆ: ಕೈಗವಸು ಹೊಲಿಯುವವನ ಮಗ ಇಂಥ ನಾಟಕ ಬರೆದಾನೇ, ಬರೆದವನು ಆಕ್ಸ್‌ಫರ್ಡಿನ ಅರ್ಲ್ ಇರಬೇಕು. ಆದರೆ 1598ರಲ್ಲೇ ಫ್ರಾನ್ಸಿಸ್ ಮಿಯರ್ಸ್ ಹಾಸ್ಯನಾಟಕದಲ್ಲಿ ಮೇಲಾದವರ ಪಟ್ಟಿ ಕೊಡುವಾಗ ಆಕ್ಸ್‌ಫರ್ಡನನ್ನೂ ಷೇಕ್ಸ್‌ಪಿಯರನನ್ನೂ ಬೇರೆ ಬೇರೆಯಾಗಿ ಹೆಸರಿಸಿದ್ದಾನೆ. ಅರ್ಲ್ ತೀರಿಕೊಂಡದ್ದು 1604ರಲ್ಲಿ. ಆಮೇಲೂ ಹೊಸ ನಾಟಕಗಳು ಬರುತ್ತಲೇ ಇದ್ದವು. ಊರಿನವನೂ ನಾಟಕಕಾರನೂ ಒಬ್ಬನೇ ಎನ್ನಲು 1616ರ ಉಯಿಲು ನೋಡಬೇಕು. ಅದರಲ್ಲಿ ಬರ್ಬೇಜ್, ಹೆಮಿಂಗ್ಸ್, ಕಾಂಡೆಲ್ ಎಂಬ ಮೂವರು ನಟರಿಗೆ ಉಂಗುರ ಕೊಳ್ಳಲು ತಲಾ 26 ಷಿಲಿಂಗ್ 8 ಪೆನ್ಸ್ ಇದೆ. ಇವರ ಪೈಕಿ ಹೆಮಿಂಗ್ಸ್ ಮತ್ತು ಕಾಂಡೆಲ್ ಅವರೇ 1623ರಲ್ಲಿ ತಮ್ಮ ಗೆಳೆಯನ 36 ನಾಟಕಗಳನ್ನು ಒಂದು ಸಂಪುಟವಾಗಿ ಹೊರತಂದರು.

ಉಂಗುರದ ಸಾಲನ್ನು ನಡುವೆ ತುರುಕಿದ್ದಾರೆ, ಅದನ್ನು ನಂಬುವುದು ಹೇಗೆ ಎಂಬ ಆಕ್ಷೇಪವಿದೆ. ಹೆಂಡತಿಗೆ ಬಿಟ್ಟ ಹಾಸಿಗೆಯ ಸಾಲನ್ನೂ ಹಾಗೆಯೇ ಸಾಲುಗಳ ನಡುವೆ ಸೇರಿಸಲಾಗಿದೆ. ಅದನ್ನು ಕೃತಕವೆಂದು ಯಾರೂ ದೂರುವುದಿಲ್ಲ. ಉಯಿಲಿನಲ್ಲಿ ಹಸ್ತಪ್ರತಿಗಳ ಮಾತೇ ಇಲ್ಲವಲ್ಲ ಎಂದರೆ, ಮಾರಿದ ನಾಟಕ ಅಂದಿನ ಪದ್ಧತಿಯಲ್ಲಿ ಮಂಡಳಿಯ ಸೊತ್ತು, ಬರೆದವನದಲ್ಲ. ಯೌವನದ ಕಾಗದಗಳು ಕಳೆದುಹೋಗಿವೆಯೆಂದು ಕೊನೆಗಾಲದ ಕಾಗದಗಳನ್ನು ತಳ್ಳಿಹಾಕಲಾಗದು. ಅವನು ಎಲ್ಲಿ ಕಲಿತ, ಯಾರ ಮನೆಯಲ್ಲಿದ್ದ ಎಂಬುದು ಇನ್ನೂ ಚರ್ಚೆಗೆ ತಕ್ಕ ಪ್ರಶ್ನೆ. ನಾಟಕ ಬರೆದವನು ಯಾರು ಎಂಬುದು ಅಲ್ಲ.