ಬಟ್ಟೆ ವ್ಯಾಪಾರಿಯ ನಾಲ್ಕು ತುಂಡು

ಹೆನ್ರಿ ಡ್ಯೂಡ್ನಿಯ ‘ದಿ ಕ್ಯಾಂಟರ್ಬರಿ ಪಜಲ್ಸ್’ (1907) ಗಣಿತದ ಪುಸ್ತಕಗಳ ಸಾಲಿನಲ್ಲಿ ಸಿಗುತ್ತದೆ. ಆದರೆ ಅದರ ಬೇರು ಕಾವ್ಯದಲ್ಲಿದೆ. ಚಾಸರನ ಯಾತ್ರಿಕರು ಇಲ್ಲಿ ಕಥೆಯ ಬದಲು ಒಗಟು ಹೇಳುತ್ತಾರೆ. ಚಾಸರ್ ಹೆಸರಿಸಿಯೂ ಕಥೆ ಕೊಡದೆ ಬಿಟ್ಟ ಬಟ್ಟೆ ವ್ಯಾಪಾರಿಗೆ ಡ್ಯೂಡ್ನಿ ಕೊಟ್ಟ ಒಗಟು ಪ್ರಸಿದ್ಧವಾದದ್ದು: ಸಮಬಾಹು ತ್ರಿಭುಜಾಕಾರದ ಬಟ್ಟೆಯನ್ನು ನಾಲ್ಕೇ ತುಂಡು ಮಾಡಿ, ಜೋಡಿಸಿ, ಚೌಕ ಮಾಡಬೇಕು. ತಮಾಷೆಯೆಂದರೆ ಕೇಳಿದವನಿಗೇ ಉತ್ತರ ಗೊತ್ತಿಲ್ಲ.

ಈಗ ಈ ಚಿತ್ರವನ್ನು ಮುದ್ರಿಸುವವರು ಹೆಚ್ಚಾಗಿ ವ್ಯಾಪಾರಿಯನ್ನು ಕೈಬಿಡುತ್ತಾರೆ. ಇದರಿಂದ ಒಗಟಿನ ಅರ್ಥವೇ ಸೊರಗುತ್ತದೆ ಎಂಬುದು ನನ್ನ ವಾದ.

ಸಮಾನ ವಿಸ್ತೀರ್ಣದ ಯಾವ ಎರಡು ಬಹುಭುಜಗಳನ್ನಾದರೂ ಒಂದರಿಂದ ಇನ್ನೊಂದಾಗಿ ಕತ್ತರಿಸಿ ಜೋಡಿಸಬಹುದು ಎಂದು 19ನೇ ಶತಮಾನದಲ್ಲೇ ಸಾಧಿಸಲಾಗಿದೆ. ಹಾಗಾಗಿ ಉಳಿಯುವ ಪ್ರಶ್ನೆ, ಎಷ್ಟು ಕಡಿಮೆ ತುಂಡು ಸಾಕು ಎಂಬುದು. ಸಮ ಷಡ್ಭುಜವನ್ನು ಚೌಕ ಮಾಡಲು ಐದು ತುಂಡಿನ ದಾರಿ ಗೊತ್ತಿದೆ. ಸಮ ಪಂಚಭುಜಕ್ಕೆ ಆರರದ್ದು. ಆದರೆ ತುಂಡು ಕಡಿಮೆ ಏಕಿರಬೇಕು? ಬರಿಯ ಗೆರೆಗಳು ಇದಕ್ಕೆ ಉತ್ತರ ಹೇಳುವುದಿಲ್ಲ.

ಬಿಳಿಕೆರೆಯ ಪರಿಚಯದ ಟೈಲರ್ ಒಬ್ಬರಿಗೆ ಕಾಗದದ ನಾಲ್ಕು ತುಂಡು ಜೋಡಿಸಿ ತೋರಿಸಿದೆ. “ಹೊಲಿಗೆಗೆ ಅಂತ ಬಟ್ಟೆ ಬಿಡ್ಬೇಕಲ್ಲ ಸಾರ್? ತುಂಡು ಜಾಸ್ತಿ ಆದಷ್ಟೂ ಬಟ್ಟೆ ಕಮ್ಮಿ ಆಯ್ತದೆ,” ಎಂದರು. ಪ್ರತಿ ಕತ್ತರಿಗೂ ಬೆಲೆಯಿದೆ ಎಂಬುದು ಬಟ್ಟೆ ಮಾರುವವನಿಗೆ ಗೊತ್ತಿರುವ ಮಾತು. ಡ್ಯೂಡ್ನಿ ಈ ಒಗಟನ್ನು ಅವನ ಬಾಯಲ್ಲಿಟ್ಟದ್ದು ಅಲಂಕಾರಕ್ಕಷ್ಟೇ ಅಲ್ಲ ಎನಿಸಿದ್ದು ಆಗ.

ಉತ್ತರವೂ ಬಟ್ಟೆಗೆ ಒಪ್ಪುತ್ತದೆ. ಯಾವ ತುಂಡನ್ನೂ ಮಗುಚಬೇಕಿಲ್ಲ, ಆದ್ದರಿಂದ ಬಟ್ಟೆಯ ಒಳಮೈ ಹೊರಗೆ ಬರುವುದಿಲ್ಲ. ಎರಡು ತುಂಡುಗಳು ಉಳಿದೆರಡಕ್ಕೆ ಹೋಲಿಸಿದರೆ ಸರಿಯಾಗಿ ಅರ್ಧ ಸುತ್ತು ತಿರುಗುತ್ತವೆ, ಹಾಗಾಗಿ ಹಾಸು ಹಾಸಿನ ದಿಕ್ಕಿನಲ್ಲೇ, ಹೊಕ್ಕು ಹೊಕ್ಕಿನ ದಿಕ್ಕಿನಲ್ಲೇ ಉಳಿಯುತ್ತದೆ. ಹೂವಿನ ಅಚ್ಚಿದ್ದರೆ ಮಾತ್ರ ಆ ಎರಡರಲ್ಲಿ ಹೂ ತಲೆಕೆಳಗಾದೀತು. 1905ರಲ್ಲಿ ಡ್ಯೂಡ್ನಿ ಇದನ್ನೇ ಮಹಾಗನಿ ಮರ ಮತ್ತು ಹಿತ್ತಾಳೆಯ ಕೀಲುಗಳಲ್ಲಿ ಮಾಡಿಸಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ತೋರಿಸಿದ. ಮರದ ಮಾದರಿ ಬೆರಗು ಹುಟ್ಟಿಸುತ್ತದೆ ನಿಜ, ಆದರೆ ಹೊಲಿಗೆಯ ಲೆಕ್ಕ ಅಲ್ಲಿ ಮರೆಯಾಗುತ್ತದೆ.

ಮೂರು ತುಂಡಿನಲ್ಲಿ ಆಗದೇ? ಮಗುಚದೆ ಆಗದು ಎಂದು ಎರಿಕ್ ಡಿಮೈನ್, ತೋನನ್ ಕಮಾತ, ರ್ಯೂಹೆಯಿ ಉಯೆಹಾರ 2024ರ ಕೊನೆಯಲ್ಲಿ ಸಾಧಿಸಿ ತೋರಿಸಿದರು. ಉತ್ತರ ಗೊತ್ತಿಲ್ಲದೆ ಕೇಳಿದವನ ಕುಚೇಷ್ಟೆಗೆ ಪೂರ್ತಿ ಉತ್ತರ ಸಿಗಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಒಗಟನ್ನು ಓದುವಾಗ ಅದನ್ನು ಕೇಳಿದವನ ಕಸುಬನ್ನೂ ಓದಬೇಕು.