ಉರಿಯೆಷ್ಟು, ನೀರೆಷ್ಟು?

ತುಳಸಿ ಎಲೆಯನ್ನು ಬಾಯಿ ತೆರೆದ ಪಾತ್ರೆಗೆ ಹಾಕಿ ಅರ್ಧ ಗಂಟೆ ಕೊತಕೊತ ಕುದಿಸುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಡುಗೆಮನೆಯೆಲ್ಲ ಘಮಘಮಿಸುತ್ತದೆ, ನಿಜ. ಆದರೆ ಲೋಟದಲ್ಲಿರಬೇಕಾದದ್ದೇ ಗಾಳಿಗೆ ಹಾರಿಹೋಗಿರುತ್ತದೆ. ತುಳಸಿಯ ಸುವಾಸನೆ ಅದರ ಎಣ್ಣೆಯದು, ಆ ಎಣ್ಣೆ ಹಬೆಯ ಜೊತೆಗೇ ಹೊರಟುಬಿಡುತ್ತದೆ. ಕೊನೆಗೆ ಉಳಿಯುವುದು ಕಂದು ಬಣ್ಣದ ಸಪ್ಪೆ ನೀರು.

ಮಳೆ ಹಿಡಿದ ಈ ದಿನಗಳಲ್ಲಿ ಶೀತ, ಕೆಮ್ಮು, ಅಜೀರ್ಣ ಯಾವ ಮನೆಯನ್ನೂ ಬಿಡುವುದಿಲ್ಲ. ಯಾವುದಕ್ಕೆ ಯಾವ ಸೊಪ್ಪು ಎಂಬ ಪಟ್ಟಿ ಎಲ್ಲರ ಮೊಬೈಲಿನಲ್ಲೂ ಇದೆ. ಆ ಸೊಪ್ಪನ್ನು ಏನು ಮಾಡಬೇಕು, ಎಷ್ಟು ನೀರು, ಎಷ್ಟು ಉರಿ ಎನ್ನುವುದನ್ನು ಹೇಳುವವರು ಕಡಿಮೆ. ಮನೆಮದ್ದಿನ ಅರ್ಧ ಗುಣ ಗಿಡದಲ್ಲಿದ್ದರೆ ಇನ್ನರ್ಧ ಮಾಡುವ ಕ್ರಮದಲ್ಲಿದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಆಯುರ್ವೇದದ ಶಾರ್ಙ್ಗಧರ ಸಂಹಿತೆ ಈ ಕ್ರಮವನ್ನು ಐದಾಗಿ ವಿಂಗಡಿಸುತ್ತದೆ: ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ರಸ ಹಿಂಡುವುದು, ನುಣ್ಣಗೆ ಅರೆಯುವುದು, ಕುದಿಸಿ ಬತ್ತಿಸುವುದು, ತಣ್ಣೀರಿನಲ್ಲಿ ನೆನೆಹಾಕುವುದು, ಬಿಸಿನೀರು ಹೊಯ್ದು ಮುಚ್ಚಿಡುವುದು. ನಮ್ಮ ಅಜ್ಜಿಯಂದಿರು ಸಂಸ್ಕೃತದ ಹೆಸರಿಲ್ಲದೆಯೇ ಈ ಐದನ್ನೂ ಮಾಡುತ್ತಿದ್ದರು.

ಕುದಿಸಿ ಬತ್ತಿಸುವುದು ಬೇರು, ತೊಗಟೆ, ಕಡ್ಡಿಯಂಥ ಗಟ್ಟಿ ವಸ್ತುಗಳಿಗೆ. ಜಜ್ಜಿದ ಒಂದು ಪಾಲು ಮೂಲಿಕೆಗೆ 16 ಪಾಲು ನೀರು, ಮಣ್ಣಿನ ಪಾತ್ರೆ, ನೀರು ಎಂಟರಲ್ಲಿ ಒಂದು ಪಾಲಿಗೆ ಇಳಿಯಬೇಕು ಎಂಬುದು ಗ್ರಂಥದ ಅಳತೆ. ಅಷ್ಟು ಗಟ್ಟಿ ಕಷಾಯವನ್ನು ವೈದ್ಯರಿಗೇ ಬಿಡೋಣ. ಮನೆಯಲ್ಲಿ ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿದರೆ ಸಾಕು. ಉರಿ ಸಣ್ಣದಿರಲಿ. ಮೂಲಿಕೆಯನ್ನು ಹುಡಿ ಮಾಡದೆ ತರಿತರಿಯಾಗಿ ಜಜ್ಜಿದರೆ ಸಾರ ಬಿಡುತ್ತದೆ, ಸೋಸುವುದೂ ಸುಲಭ. ಕಬ್ಬಿಣದ ಪಾತ್ರೆ ಮಾತ್ರ ಬೇಡ. ದಾಳಿಂಬೆ ಸಿಪ್ಪೆಯಂಥ ಒಗರಿನ ವಸ್ತು ಕಬ್ಬಿಣಕ್ಕೆ ತಾಗಿದರೆ ಕಷಾಯ ಕಪ್ಪಾಗುತ್ತದೆ. ಮಡಕೆ ಇಲ್ಲದಿದ್ದರೆ ಸ್ಟೀಲು ಸಾಕು.

ಮಲೆನಾಡಿನ ಮನೆಗಳ ಕಷಾಯದ ಪುಡಿಗೆ ನನ್ನ ಲೆಕ್ಕ ಹೀಗಿದೆ. ಕೊತ್ತಂಬರಿ ಬೀಜ ಎರಡು ಪಾಲು, ಜೀರಿಗೆ ಒಂದು ಪಾಲು, ಕಾಳುಮೆಣಸು ಮತ್ತು ಒಣಶುಂಠಿ ತಲಾ ಕಾಲು ಪಾಲು, ಮೆಂತ್ಯ ಒಂದು ಚಮಚ. ಒಣಶುಂಠಿಯನ್ನು ಮೊದಲೇ ಕುಟ್ಟಿಟ್ಟುಕೊಂಡು ಉಳಿದವನ್ನು ಬೇರೆಬೇರೆಯಾಗಿ ಹುರಿಯಬೇಕು, ಏಕೆಂದರೆ ಜೀರಿಗೆ ಸೀಯುವ ಹೊತ್ತಿಗೆ ಕೊತ್ತಂಬರಿ ಇನ್ನೂ ಬೆಚ್ಚಗಾಗುತ್ತಿರುತ್ತದೆ. ಗಂಟಲು ಕೆರೆಯುತ್ತಿದ್ದರೆ ಜಜ್ಜಿದ ಜೇಷ್ಠಮಧುವಿನ ತುಂಡನ್ನು ಮೊದಲು ನೀರಿಗೆ ಹಾಕಿ ಕುದಿಸಿ. ನೀರು ಇಳಿದ ಮೇಲೆ ಪುಡಿ ಹಾಕಿ, ಮೂರು ನಿಮಿಷಕ್ಕೆ ಉರಿ ಆರಿಸಿ ಮುಚ್ಚಿಡಿ. ಬೇರಿಗೆ ಬೇಕಾದ ಕಾವು ಜೀರಿಗೆಗೆ ಬೇಡ. ಆಮೇಲೆ ಬೆಲ್ಲ, ಹಾಲು ನಿಮ್ಮಿಷ್ಟ. ಜೇಷ್ಠಮಧು ಸಿಹಿಯಾಗಿದೆಯೆಂದು ದಿನವೂ ಕುಡಿಯುವಂಥದ್ದಲ್ಲ. ಅದರಲ್ಲಿರುವ ಗ್ಲಿಸಿರೈಸಿನ್ ರಕ್ತದೊತ್ತಡ ಏರಿಸುತ್ತದೆ, ದೇಹದ ಪೊಟ್ಯಾಸಿಯಂ ಇಳಿಸುತ್ತದೆ. ಬಿ.ಪಿ. ಇರುವವರು ಅದನ್ನು ಬಿಟ್ಟೇ ಮಾಡಿಕೊಳ್ಳಲಿ.

ತುಳಸಿ, ಪುದೀನ, ಮಜ್ಜಿಗೆಹುಲ್ಲಿನಂಥ ಸುವಾಸನೆಯ ಎಲೆಗಳಿಗೆ ಬಿಸಿನೀರು ಹೊಯ್ಯುವುದೇ ಸರಿ. ಕುದ್ದ ನೀರನ್ನು ಕೆಳಗಿಳಿಸಿ, ಕೈಯಲ್ಲಿ ಹಿಸುಕಿದ ಎಲೆ ಹಾಕಿ, ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ. ಮುಚ್ಚಳ ತೆಗೆದಾಗ ಅದರ ಒಳಬದಿಯ ಹನಿಗಳನ್ನು ಮರಳಿ ಪಾತ್ರೆಗೇ ಬೀಳಿಸಿ. ಪರಿಮಳ ಅವುಗಳಲ್ಲೂ ಇರುತ್ತದೆ.

ಒಲೆಯನ್ನೇ ಕೇಳದ ಮದ್ದು ಹಿಮ. ಒಂದು ಚಮಚ ಕೊತ್ತಂಬರಿ ಬೀಜ ಜಜ್ಜಿ ರಾತ್ರಿ ಲೋಟ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಸೋಸಿ ಕಲ್ಲುಸಕ್ಕರೆ ಬೆರೆಸಿ ಕುಡಿಯುವುದು. ಒಳಗಿನ ಉರಿಗೆ, ದಾಹಕ್ಕೆ ಶಾರ್ಙ್ಗಧರನೂ ಇದನ್ನೇ ಹೇಳಿದ್ದಾನೆ. ಲಾವಂಚದ ಬೇರನ್ನೂ ಹೀಗೆಯೇ ಕುಡಿಯುವ ನೀರಿನಲ್ಲಿ ಹಾಕಿಡುತ್ತಾರೆ. ಬೇರೆಂದು ಅದನ್ನು ಕುದಿಸಿದರೆ ಅದರ ತಂಪು ಪರಿಮಳ ಕೆಡುತ್ತದೆ.

ರಸ ಹಿಂಡುವುದಕ್ಕೆ ದೊಡ್ಡಪತ್ರೆಗಿಂತ ಒಳ್ಳೆಯ ಗಿಡ ನನಗೆ ಗೊತ್ತಿಲ್ಲ. ದಪ್ಪ ಎಲೆಯನ್ನು ಕಾದ ತವೆಯ ಮೇಲೆ ಬಾಡಿಸಿ ಹಿಂಡಿದರೆ ರಸ ತಾನಾಗಿ ಇಳಿಯುತ್ತದೆ. ಕಾರ್ವಕ್ರಾಲ್, ಥೈಮಾಲ್ ಎಂಬ ಅಂಶಗಳಿರುವುದರಿಂದಲೇ ಅದಕ್ಕೆ ಓಮದ ವಾಸನೆ. ರಸಕ್ಕೆ ಜೇನು ಬೆರೆಸುವುದು ರೂಢಿ, ಆದರೆ ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೇಬಾರದು. ಬಾಟ್ಯುಲಿಸಂ ಎಂಬ ಪ್ರಾಣಾಂತಿಕ ಕಾಯಿಲೆಯ ಅಪಾಯವಿದೆ. ಕಫಕ್ಕೆ ಹೆಸರಾದ ಇನ್ನೊಂದು ಗಿಡ ಆಡುಸೋಗೆ. ಮಾತ್ರೆ ಅಂಗಡಿಯ ಕೆಮ್ಮಿನ ಔಷಧಿಯಲ್ಲಿರುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದು ಈ ಎಲೆಯ ವ್ಯಾಸಿಸಿನ್ ಎಂಬ ಅಂಶದ ಜಾಡು ಹಿಡಿದು. ಅಷ್ಟು ಬಲವಾದ ಗಿಡವಾದ್ದರಿಂದಲೇ ಗರ್ಭಿಣಿಯರು ಅದನ್ನು ಮುಟ್ಟಬಾರದು.

ಅರೆಯುವ ವಿದ್ಯೆ ನಮ್ಮಲ್ಲಿ ತಂಬುಳಿಯಾಗಿ ಊಟದ ಎಲೆಗೇ ಬಂದಿದೆ. ಒಂದೆಲಗವೋ ದಾಳಿಂಬೆ ಕುಡಿಯೋ, ಜೀರಿಗೆ ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆಗೆ ಕಲಸಿದರೆ ಮುಗಿಯಿತು. ಇಲ್ಲಿ ತುಪ್ಪ ಬರಿಯ ರುಚಿಗಲ್ಲ. ಕೆಲವು ಗುಣಗಳು ನೀರಿಗೆ ಇಳಿಯುವುದಿಲ್ಲ, ಜಿಡ್ಡಿಗೆ ಮಾತ್ರ ಇಳಿಯುತ್ತವೆ. ಅರಿಶಿನದ ಕರ್ಕ್ಯುಮಿನ್ ಅಂಥದ್ದು. ಜಿಡ್ಡಿದ್ದರೂ ಅದು ಮೈಗೆ ಹತ್ತುವುದು ಅತ್ಯಲ್ಪ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಎರಡು ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಂಶ ಕೊಟ್ಟು ನೋಡಿದಾಗ, ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಸುಮಾರು 20 ಪಟ್ಟು ಹೆಚ್ಚಿತು. ಅರಿಶಿನದ ಹಾಲಿಗೆ ಮೆಣಸಿನ ಪುಡಿ, ಅರ್ಧ ಚಮಚ ತುಪ್ಪ ಹಾಕುವವರ ಕೈ ಸರಿಯಾಗಿಯೇ ಇತ್ತು. ಆದರೆ ಮೆಣಸಿಗೆ ಇರುವ ಈ ಶಕ್ತಿ ಬೇರೆ ಕೆಲವು ಮಾತ್ರೆಗಳ ಮೇಲೂ ನಡೆಯುತ್ತದೆ. ದಿನನಿತ್ಯ ಔಷಧಿ ತೆಗೆದುಕೊಳ್ಳುವವರು ಡಾಕ್ಟರಿಗೆ ಒಂದು ಮಾತು ಹೇಳಿಯೇ ಕಷಾಯ ಹಿಡಿಯುವುದು ಒಳ್ಳೆಯದು.

ಇಷ್ಟೆಲ್ಲ ಕ್ರಮ ತಿಳಿದಿದ್ದರೂ ಗಿಡದ ಗುರುತು ತಪ್ಪಿದರೆ ಎಲ್ಲವೂ ವ್ಯರ್ಥ. ಅಮೃತಬಳ್ಳಿಗೆ ಅದನ್ನೇ ಹೋಲುವ ಬಂಧುವೊಂದಿದೆ, ಅದರ ಕಾಂಡದ ತುಂಬ ಗಂಟುಗಂಟು. ಕೊರೊನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಕುಡಿದವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ಬಳ್ಳಿ ಯಾವುದು ಎಂಬ ವಾದವೂ ಆಗ ಎದ್ದಿತು. ನನ್ನ ಮಟ್ಟಿಗೆ ಪಾಠ ಸ್ಪಷ್ಟವಾಗಿದೆ: ಗುರುತು ಖಚಿತವಿರದ ಗಿಡ ಬೇಡ, ಖಚಿತವಿದ್ದರೂ ತಿಂಗಳುಗಟ್ಟಲೆ ಬೇಡ. ಎಳೆಗೂಸಿಗೆ ಬಜೆ ತೇದು ನೆಕ್ಕಿಸುವ ವಾಡಿಕೆಯನ್ನೂ ನಿಲ್ಲಿಸಬೇಕು. ಅದರಲ್ಲಿರುವ ಅಸರೋನ್ ಕಾರಣಕ್ಕೆ ಅಮೆರಿಕದಲ್ಲಿ ಬಜೆಯನ್ನು ಆಹಾರಕ್ಕೆ ಸೇರಿಸುವುದನ್ನು 1968ರಲ್ಲೇ ನಿಷೇಧಿಸಿದ್ದಾರೆ.

ಕಷಾಯಕ್ಕೆ ಒಂದು ಎಲ್ಲೆಯಿದೆ. ಮೂರು ದಿನಕ್ಕೂ ಇಳಿಯದ ಜ್ವರ, ಎರಡು ವಾರ ದಾಟಿದ ಕೆಮ್ಮು, ಉಸಿರಿಗೆ ತೊಂದರೆ, ಭೇದಿಯಲ್ಲಿ ರಕ್ತ, ಇವುಗಳಿಗೆ ಮನೆಯಲ್ಲಿ ಮದ್ದಿಲ್ಲ. ಮಗುವಿಗೆ ಭೇದಿಯಾದಾಗ ದಾಳಿಂಬೆ ಸಿಪ್ಪೆ ಹುಡುಕುತ್ತ ಕೂರದೆ ಮೊದಲು ಓಆರ್‌ಎಸ್ ಕುಡಿಸಬೇಕು.

ಹೊಸದಾಗಿ ಶುರುಮಾಡುವವರು ನೂರು ಗಿಡಗಳ ಪಟ್ಟಿ ಬಿಟ್ಟುಬಿಡಿ. ಕುಂಡದಲ್ಲಿ ಒಂದು ದೊಡ್ಡಪತ್ರೆ, ಒಂದು ತುಳಸಿ ನೆಡಿ. ಸಾಂಬಾರ ಪದಾರ್ಥಗಳನ್ನು ಇಡಿಯಾಗಿ ಕೊಂಡು, ತಿಂಗಳಿಗಾಗುವಷ್ಟು ಮಾತ್ರ ಪುಡಿ ಮಾಡಿ ಗಾಜಿನ ಡಬ್ಬಿಯಲ್ಲಿಡಿ. ಕಷಾಯವನ್ನು ಅಂದಂದೇ ಮಾಡಿ ಅಂದೇ ಮುಗಿಸಿ. ಮತ್ತೆ, ಪಾತ್ರೆಗೊಂದು ಮುಚ್ಚಳ ಇಡುವುದನ್ನು ಮರೆಯಬೇಡಿ.