ಸಮಯ ಕೇಳುವ ಜಾಣ್ಮೆ

ಮೈಸೂರಿನ ದೊಡ್ಡ ಗಡಿಯಾರ ಕಟ್ಟಿದ್ದು 1927ರಲ್ಲಿ, ಅದರ ಅಂಕಿಗಳು ಕನ್ನಡದವು. ಒಳಗಿನ ಯಂತ್ರ ಎಂಥದ್ದೇ ಇರಲಿ, ಕೆಳಗೆ ನಿಂತವರಿಗೆ ಮುಳ್ಳು ಕಂಡರೆ ಸಾಕು. ಲಿನಕ್ಸ್‌ನಲ್ಲಿ ಸಮಯ ಕೇಳುವ 'ಕ್ಲಾಕ್ ಗೆಟ್‌ಟೈಮ್' ಕರೆಯ ಹೆಚ್ಚುಗಾರಿಕೆಯೂ ಇದೇ.

ಕಾಲದ ಎಣಿಕೆ ಓದಲು ಇಂಟೆಲ್ ಚಿಪ್‌ಗೆ ಒಂದು ಆದೇಶ, ಆರ್ಮ್‌ಗೆ ಇನ್ನೊಂದು, ರಿಸ್ಕ್-ಫೈವ್‌ಗೆ ಮತ್ತೊಂದು. ಹೆಬ್ಬಾಳದ ಕಚೇರಿಯಲ್ಲಿ ಪ್ರೋಗ್ರಾಂ ಬರೆಯುವ ಹುಡುಗಿ ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಕಿಲ್ಲ. 'ಟೈಮ್' ಎಂಬ ಹಳೆಯ ಸಿಸ್ಟಂ ಕಾಲ್ 64 ಬಿಟ್ ಆರ್ಮ್‌ನಲ್ಲಿ ಇಲ್ಲವೇ ಇಲ್ಲ. ಸಿ ಲೈಬ್ರರಿಯ ಮೂಲಕ ಕೇಳಿದವರಿಗೆ ಅದು ಗೊತ್ತೂ ಆಗದು. ಕಾಲ್‌ನ ನಂಬರನ್ನೇ ನೇರವಾಗಿ ಬರೆಯುವ ಅವಸರದವರಷ್ಟೇ ಎಡವುತ್ತಾರೆ (ಅಂಥವರು ಎಲ್ಲ ಕಡೆ ಇರುತ್ತಾರೆ).

ಈ ಕರೆಯ ಹಿಂದಿನ ಏರ್ಪಾಡುಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ವಿಡಿಎಸ್‌ಒ. ಲಿನಕ್ಸ್‌ನ ತಿರುಳಾದ ಕರ್ನೆಲ್ ತನ್ನ ಸಮಯದ ಲೆಕ್ಕವನ್ನೂ ಅದನ್ನು ಓದುವ ಪುಟ್ಟ ಕೋಡನ್ನೂ ಪ್ರತಿ ಪ್ರೋಗ್ರಾಂಗೆ ಸಿಗುವ ಹಾಗೆ ಮೆಮೊರಿಯಲ್ಲೇ ಇಟ್ಟಿರುತ್ತದೆ. ಹಾಗಾಗಿ ಬಹುಪಾಲು ಸಲ ಕರ್ನೆಲ್‌ನೊಳಗೆ ಹೋಗಿಬರುವ ಖರ್ಚೇ ಉಳಿಯುತ್ತದೆ. ಇಷ್ಟು ಅಚ್ಚುಕಟ್ಟಾದ ಕೆಲಸ ಸಾಫ್ಟ್‌ವೇರ್‌ನಲ್ಲಿ ಅಪರೂಪ.

ಆದರೂ ಒಂದು ಎಚ್ಚರಿಕೆ ಬೇಕು. 1970ರಿಂದ ಸೆಕೆಂಡು ಎಣಿಸುತ್ತಿರುವ 32 ಬಿಟ್ ಲೆಕ್ಕ 2,14,74,83,647ಕ್ಕೆ ತುಂಬುತ್ತದೆ. ನಮ್ಮ ಸಮಯದಲ್ಲಿ ಅದು 2038ರ ಜನವರಿ 19, ಮಂಗಳವಾರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಮರುಸೆಕೆಂಡಿಗೆ ತಾರೀಖು 1901ಕ್ಕೆ ಜಾರುತ್ತದೆ. 2020ರ ಲಿನಕ್ಸ್ 5.6 32 ಬಿಟ್‌ನ ಹಳೆಯ ಚಿಪ್‌ಗಳಿಗೂ 64 ಬಿಟ್ ಸಮಯ ಕೊಟ್ಟಿದೆ. ನಿಮ್ಮ ಕಾರ್ಖಾನೆಯ ಹಳೆಯ ಕಂಟ್ರೋಲರ್‌ನ ಪ್ರೋಗ್ರಾಂ ಅದನ್ನು ಬಳಸುತ್ತಿದೆಯೇ, ಈಗಲೇ ನೋಡಿಬಿಡಿ.